ಮೂರು ಗಂಟೆಯ ಲೆಕ್ಕ ಎದುರು ಟೇಬಲ್‌ನಲ್ಲಿತ್ತು

ಮಂಡ್ಯ ಕಡೆಯ ಒಂದು ಹೋಬಳಿ. ಮತದಾನದ ದಿನ ಮಧ್ಯಾಹ್ನ ಮೂರಾದರೂ ವಾರ್ ರೂಮಿನ ಪರದೆಯಲ್ಲಿ ನಮ್ಮ 11 ಬೂತ್ ಸೊನ್ನೆ ತೋರಿಸ್ತಿದ್ದವು. ನೆಟ್‌ವರ್ಕ್ ಇಲ್ಲ ಅಂದ್ಕೊಂಡು ಇಪ್ಪತ್ತು ನಿಮಿಷ ರಿಫ್ರೆಶ್ ಒತ್ತಿದ್ದೇ ಬಂತು. ಆ್ಯಪ್ ಮಾರಿದವನು ಬೆಂಗಳೂರಿನಿಂದ "ಸಿಂಕ್ ಆಗ್ತಿದೆ ಸಾರ್" ಅಂತಿದ್ದ. ವಿಷಯ ಅದಲ್ಲ. ಓಟು ಹಾಕಿದವರ ಕ್ರಮಸಂಖ್ಯೆಯನ್ನ ನಮ್ಮ ಪಕ್ಷದ ಏಜೆಂಟ್ ಮತಗಟ್ಟೆ ಒಳಗಿಂದಲೇ ಆ್ಯಪ್‌ಗೆ ಕಳಿಸ್ತಾನೆ ಅಂತ ಪ್ಲಾನ್ ಬರೆದವನು ನಾನು. ಒಳಗೆ ಮೊಬೈಲ್ ಬಿಡಲ್ಲ, ಯಾರು ಹಾಕಿದರು ಯಾರು ಹಾಕಿಲ್ಲ ಅನ್ನೋ ಚೀಟಿಯನ್ನೂ ಏಜೆಂಟ್ ಹೊರಗೆ ದಾಟಿಸೋ ಹಾಗಿಲ್ಲ.

200 ಮೀಟರ್ ಆಚೆ ಎದುರು ಬಣದ ಟೇಬಲ್. ಒಂದು ಮೇಜು, ಎರಡು ಕುರ್ಚಿ, ದಾರ ಕಟ್ಟಿದ ಮತದಾರರ ಪಟ್ಟಿ. ಅವರಿಗೆ ಆಗಲೇ ಓಟು ಹಾಕದೆ ಉಳಿದವರ ಲೆಕ್ಕ ಗೊತ್ತಿತ್ತು.

ಅವರು ಮಾಡಿದ್ದು ಇಷ್ಟು. ಹಳ್ಳಿಯಲ್ಲಿ ಮನೆ ನಂಬರ್ ಅಸ್ತವ್ಯಸ್ತ. ಅಪ್ಪ ಒಂದು ಪುಟದಲ್ಲಿ, ಸೊಸೆ ನಾಲ್ಕು ಪುಟ ಆಚೆ. ಹಾಗಾಗಿ ಪಟ್ಟಿಯನ್ನ ಕೇರಿವಾರು ಹೊಸದಾಗಿ ಬರೆದು, ಸುಮಾರು 30 ಮತದಾರರಿಗೆ ಒಬ್ಬ ಕಾರ್ಯಕರ್ತ, ಅದೂ ಅದೇ ಕೇರಿಯವನು. ಹೆಸರಿನ ಮುಂದೆ ನಮ್ಮದು, ಅವರದು, ಡೌಟು ಅಂತ ಮೂರು ಗುರುತು. ಅವನು ಬೂತ್ ಹತ್ತಿರ ಸುಳಿಯೋದೇ ಇಲ್ಲ. ಜಗಲಿ ಮೇಲೆ ಕೂತು, ವಾಪಸ್ ಬಂದವರ ಬೆರಳಿನ ಶಾಯಿ ನೋಡಿ ಟಿಕ್ ಹಾಕ್ತಾನೆ. ಒಂದು ಗಂಟೆಗೆ ಮೊದಲ ಎಣಿಕೆ, ಮೂರಕ್ಕೆ ಎರಡನೇದು. ಮೂರರ ನಂತರ 'ನಮ್ಮದು' ಗುರುತಿನ ಬಾಕಿ ಮನೆಗಳಿಗೆ ಮಾತ್ರ ಓಡಾಟ. ಡೌಟಿನ ಮನೆ ಬೆಳಿಗ್ಗೆಯೇ ಮುಗಿಸಿರ್ತಾರೆ, ಸಂಜೆ ಅಲ್ಲಿ ಮಾತಿಗೆ ಕೂತರೆ ಟೈಮ್ ಹೋಗುತ್ತೆ. ಆರು ಗಂಟೆಗೆ ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಓಟು ಸಿಗುತ್ತೆ, ಅವರಿಗೆ ಮತಗಟ್ಟೆ ಅಧಿಕಾರಿ ಚೀಟಿ ಹಂಚೋದು ಸಾಲಿನ ಬಾಲದಿಂದ. ಹಾಗಾಗಿ ಅವರ ಕೊನೆಯ ತಂಡ 5.40ಕ್ಕೇ ಗೇಟಿನೊಳಗೆ.

ಬೆಂಗಳೂರಲ್ಲಿ ದುಡಿಯೋ ಹುಡುಗರದ್ದು ಬೇರೆಯೇ ಪಟ್ಟಿ. ಹಿಂದಿನ ಭಾನುವಾರವೇ ಫೋನು, ಫೋನ್ ಮಾಡೋದು ಅವರ ಅವ್ವ. ನಮ್ಮ ಕಾಲ್ ಸೆಂಟರಿನ ರೆಕಾರ್ಡ್ ಆದ ದನಿಗೆ ಯಾರು ಬಸ್ ಹತ್ತುತ್ತಾರೆ?

ಉಳಿದ ಪಾಠ ಸರ್ಕಾರಿ ಕಾಗದದಲ್ಲೇ ಸಿಗುತ್ತೆ. ಅಂತಿಮ ಫಲಿತಾಂಶದ ಹಾಳೆಯಾದ ಫಾರಂ 20ರಲ್ಲಿ ಬೂತ್‌ವಾರು ಮತ ಇರುತ್ತೆ. ಹಿಂದಿನ ಎರಡು ಚುನಾವಣೆಯದನ್ನ ಪಕ್ಕದಲ್ಲಿಟ್ಟು, ಲೀಡ್ ಕುಸಿದ ಬೂತಿಗೆ ಮಾತ್ರ ಕೆಂಪು ಇಂಕು ಹಾಕಿ. ಮತಗಟ್ಟೆ ವಿಂಗಡಣೆ ಬದಲಾಗಿದ್ದರೆ ಹೋಲಿಕೆ ತಪ್ಪುತ್ತೆ, ಮತದಾರರ ಪಟ್ಟಿಯ ಭಾಗದ ಸಂಖ್ಯೆ ಮೊದಲು ನೋಡಿ. ಗೆದ್ದವರಾಗಲಿ ಸೋತವರಾಗಲಿ, ಫಲಿತಾಂಶದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಲೇಬೇಕು. ಅದರ ಪ್ರತಿ ತೆಗೆಸಿ. ಮೊತ್ತ ನಂಬಬೇಡಿ, ತಾರೀಖು ಓದಿ: ಯಾವ ದಿನದಿಂದ ಎಷ್ಟು ಗಾಡಿ, ಮೈಕು ಯಾವ ಊರಿಗೆ. ಎದುರಾಳಿಯ ವೇಳಾಪಟ್ಟಿ ಅಲ್ಲಿದೆ.

ಎಷ್ಟು ಶಾಸಕರಿದ್ದಾರೆ ಅನ್ನೋ ಲೆಕ್ಕವೇ ಗೆಲ್ಲೋಕೆ ಸಾಕು ಅನ್ನೋರಿಗೆ 2019 ನೆನಪಿರಲಿ. ಹಿಂದಿನ ವರ್ಷವಷ್ಟೇ ಮಂಡ್ಯ ಲೋಕಸಭೆಯ ಎಂಟೂ ವಿಧಾನಸಭಾ ಕ್ಷೇತ್ರ ಜೆಡಿಎಸ್ ಗೆದ್ದಿತ್ತು. ಆದರೂ ಪಕ್ಷೇತರ ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಿಂದ ಗೆದ್ದರು, ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರೂ. ಜನ ಅವರ ಚಿಹ್ನೆಯಾದ ಕಹಳೆ ಊದೋ ರೈತನನ್ನ ಹುಡುಕಿಕೊಂಡು ಒತ್ತಿದರು.

ಕಮಿಟಿ ಈಗ ಆ್ಯಪ್‌ನ ಹೊಸ ವರ್ಷನ್‌ಗೆ ಕೊಟೇಶನ್ ತರಿಸಿದೆ. ನಾವು ಮೂವರು ಆ 11 ಬೂತಿನ ಪಟ್ಟಿಯನ್ನ ಕೇರಿವಾರು ಬರೀತಾ ಕೂತಿದ್ದೀವಿ, ಒಂದು ಬೂತಿಗೆ ಎರಡು ರಾತ್ರಿ ಹಿಡೀತಿದೆ.