ಉತ್ತರ ಬರುವವರೆಗಿನ ಹೊತ್ತು

ಶಿರಸಿಯ ನಮ್ಮ ಮನೆಯ ಒಂದು ಕೋಣೆಯಲ್ಲಿ ವೆಬ್‌ಕ್ಯಾಮ್ ಎದುರು ಕುಳಿತು, ಹಳೆಯ ಸೀರೆಗಳ ತುಂಡುಗಳಿಂದ ಕೌದಿ ಹೊಲಿಯುತ್ತ ನೋಡುಗರೊಡನೆ ಮಾತನಾಡುವುದು ನನ್ನ ಉದ್ಯೋಗ. ಬೆಂಗಳೂರು, ಮುಂಬೈಗಳಲ್ಲಿ ನೆಲೆಸಿದ ನಮ್ಮ ಜಿಲ್ಲೆಯವರು, ಗಲ್ಫ್ ದೇಶಗಳಲ್ಲಿರುವ ಭಟ್ಕಳ, ಹೊನ್ನಾವರದ ಕಡೆಯವರು ಸಂಜೆಯ ಈ ನೇರಪ್ರಸಾರಕ್ಕೆ ಸೇರುತ್ತಾರೆ. ಇಷ್ಟು ಸಮಾಧಾನವಾಗಿ ಮಾತನಾಡುವುದನ್ನು ಎಲ್ಲಿ ಕಲಿತಿರಿ ಎಂದು ಈ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನನ್ನು ಕೇಳುತ್ತಾರೆ. ಪ್ರಸಾರದ ವಿಳಂಬವನ್ನು ಅರ್ಥಮಾಡಿಕೊಂಡರೆ ಅರ್ಧ ಸಮಾಧಾನ ತಾನಾಗಿಯೇ ಬರುತ್ತದೆ ಎಂಬುದೇ ನಾನು ಅವರಿಗೆ ಮೊದಲು ಹೇಳುವ ಮಾತು.

ನೇರಪ್ರಸಾರ ಎಂಬ ಹೆಸರಿದ್ದರೂ ನಾನು ಆಡಿದ ಮಾತು ಆ ಕ್ಷಣದಲ್ಲೇ ಯಾರಿಗೂ ಕೇಳಿಸುವುದಿಲ್ಲ. ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರ್ ಸಂಕುಚಿತಗೊಳಿಸಿ ಸರ್ವರ್‌ಗೆ ಕಳಿಸಬೇಕು, ಅಲ್ಲಿ ಅದು ಸಣ್ಣ ಸಣ್ಣ ತುಣುಕುಗಳಾಗಿ ಹಂಚಿಕೆಯಾಗಬೇಕು, ನೋಡುಗರ ಮೊಬೈಲು ಒಂದಷ್ಟು ತುಣುಕುಗಳನ್ನು ಮುಂಚಿತವಾಗಿ ಕೂಡಿಟ್ಟುಕೊಂಡ ಮೇಲೆ ತೋರಿಸಬೇಕು. ಯೂಟ್ಯೂಬಿನಲ್ಲಿ ಕಡಿಮೆ ವಿಳಂಬದ ಆಯ್ಕೆಯನ್ನು ಇಟ್ಟುಕೊಂಡರೂ ಕೆಲವು ಸೆಕೆಂಡುಗಳು ಕಳೆದೇ ಕಳೆಯುತ್ತವೆ. ವಿಳಂಬವನ್ನು ತೀರಾ ತಗ್ಗಿಸಿದರೆ, ಮಳೆಗಾಲದಲ್ಲಿ ನಮ್ಮ ಕಡೆಯ ಇಂಟರ್ನೆಟ್ಟು ತುಸು ತಡವರಿಸಿದರೂ ಚಿತ್ರ ನಿಂತುಬಿಡುತ್ತದೆ. ಅದರ ಮೇಲೆ ಮನುಷ್ಯರ ವಿಳಂಬವೂ ಇದೆ. ಕುವೈತಿನಲ್ಲಿರುವ ಒಬ್ಬರು ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡು, ಯೋಚಿಸಿ, ಕನ್ನಡದಲ್ಲಿ ಟೈಪ್ ಮಾಡಿ ಕಳಿಸುವ ಹೊತ್ತಿಗೆ ಅರ್ಧ ನಿಮಿಷವೇ ಆಗಿರಬಹುದು. ಇದನ್ನು ತಿಳಿಯದ ನಿರೂಪಕರು ಆ ಮೌನವನ್ನು ನಿರಾಸಕ್ತಿ ಎಂದು ಭಾವಿಸಿ ದನಿ ಏರಿಸುತ್ತಾರೆ, ‘ಯಾರಾದರೂ ಇದ್ದೀರಾ, ಕಮೆಂಟ್ ಹಾಕಿ’ ಎಂದು ಬೇಡುತ್ತಾರೆ, ಉತ್ತರ ದಾರಿಯಲ್ಲಿರುವಾಗಲೇ ಎರಡನೆಯ ಪ್ರಶ್ನೆಯನ್ನು ಎಸೆಯುತ್ತಾರೆ. ಆಗ ಮೊದಲನೆಯದಕ್ಕೆ ಬಂದ ಉತ್ತರ ಎರಡನೆಯದಕ್ಕೆ ಅಂಟಿಕೊಂಡು ಮಾತುಕತೆಯೇ ಕದಡಿಹೋಗುತ್ತದೆ.

ನಾನು ಪ್ರಶ್ನೆ ಕೇಳಿದ ಮೇಲೆ ಕೈಯಲ್ಲಿರುವ ಕೆಲಸದ ಕಡೆಗೆ ತಿರುಗುತ್ತೇನೆ. ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತು ಬರುತ್ತ ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ‘ಫುಲಾ’ ಇಡುತ್ತಾರೆ, ಅದಿಲ್ಲದ ಕೌದಿಯನ್ನು ಅವರು ಪೂರ್ತಿಯಾದದ್ದೆಂದು ಎಣಿಸುವುದಿಲ್ಲ. ಆ ಕ್ರಮವನ್ನು ಅವರಿಂದಲೇ ಕಲಿತ ನಾನು, ಯಾವ ತುಂಡನ್ನು ಎಲ್ಲಿ ಇಡುತ್ತಿದ್ದೇನೆ, ನೂಲು ಎಲ್ಲಿ ಬಿಗಿಯಾಯಿತು ಎಂಬುದನ್ನು ಮೆಲ್ಲಗೆ ಹೇಳುತ್ತ ಹೋಗುವಷ್ಟರಲ್ಲಿ ಉತ್ತರಗಳು ಪರದೆಯ ಮೇಲೆ ಮೂಡತೊಡಗುತ್ತವೆ. ಕಾಯುವಾಗ ಮಾಡಲು ನಿಜವಾದ ಕೆಲಸವೊಂದಿದ್ದರೆ ನಿರೂಪಕಿ ನಟಿಸಬೇಕಾಗುವುದಿಲ್ಲ. ಬರಿಗೈಯಲ್ಲಿ ಕುಳಿತು ಇದೇ ಶಾಂತಿಯನ್ನು ಉಳಿಸಿಕೊಳ್ಳುವವರ ಬಗ್ಗೆ ನನಗೆ ಬಹಳ ಗೌರವವಿದೆ.

ಕೇಳಿಸಿಕೊಳ್ಳುವುದರಲ್ಲಿ ನನಗೆ ಮಾದರಿ ತಾಳಮದ್ದಳೆ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ನಮ್ಮೂರುಗಳಲ್ಲಿ ನಡೆಯುವ ಕೂಟಗಳಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತು ಮಾತಿನಲ್ಲೇ ಪಾತ್ರವನ್ನು ಕಟ್ಟಬೇಕು. ಭಾಗವತರು ಹಾಡುವ ಪದ ಮುಗಿಯುವವರೆಗೆ ಅರ್ಥಧಾರಿಗಳು ಕಾಯುತ್ತಾರೆ. ಒಳ್ಳೆಯ ಅರ್ಥಧಾರಿ ಎದುರಾಳಿಯ ಕೊನೆಯ ಮಾತನ್ನು ಎತ್ತಿಕೊಂಡು ಅಲ್ಲಿಂದಲೇ ತನ್ನ ವಾದವನ್ನು ಬೆಳೆಸುತ್ತಾನೆ. ನಾನೂ ನೋಡುಗರ ಪ್ರಶ್ನೆಯನ್ನು ಅವರು ಬರೆದಂತೆಯೇ ಓದಿ, ಅವರ ಮಾತಿನಿಂದಲೇ ಉತ್ತರ ಆರಂಭಿಸುತ್ತೇನೆ. ಪೂರ್ಣ ಪರದೆಯಲ್ಲಿ ನೋಡುವ ಹಲವರಿಗೆ, ಅಡುಗೆ ಮಾಡುತ್ತ ಬರೀ ಕೇಳುವವರಿಗೆ ಚಾಟ್ ಕಾಣಿಸುವುದಿಲ್ಲವಾದ್ದರಿಂದ, ಗಟ್ಟಿಯಾಗಿ ಓದದಿದ್ದರೆ ಅವರ ಪಾಲಿಗೆ ನಾನು ಗೋಡೆಯೊಡನೆ ಮಾತನಾಡಿದಂತೆ ಆಗುತ್ತದೆ.

ಮೈಕಿನ ವಿಷಯವನ್ನೂ ಹೇಳಬೇಕು. ಹೆಂಚಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ದನಿ ಏರಿಸಬೇಕೆನಿಸುವುದು ಸಹಜ. ಆದರೆ ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುವ ಡೈನಮಿಕ್ ಮೈಕನ್ನು ಬಾಯಿಗೆ ಗೇಣಿಗಿಂತ ಹತ್ತಿರ ತಂದುಕೊಂಡರೆ ತಗ್ಗಿದ ಸ್ವರವೇ ಮಳೆಯನ್ನು ಹಿಂದೆ ಸರಿಸುತ್ತದೆ. ನೋಡುಗರು ಹಣ ಕೊಟ್ಟು ಸಂದೇಶ ಕಳಿಸುವ ಸೂಪರ್ ಚಾಟ್‌ನಲ್ಲಿ ಹಣ ಬಂದಾಗ ಕೃತಜ್ಞತೆ ಹೇಳುತ್ತೇನೆ, ಆದರೆ ಕೊಟ್ಟವರ ಪ್ರಶ್ನೆಯನ್ನು ಸರದಿ ಮೀರಿ ಮುಂದಕ್ಕೆ ತರುವುದಿಲ್ಲ.

ಈ ಸಮಾಧಾನದ ಶೈಲಿಗೆ ಒಂದು ಭಾರವೂ ಇದೆ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು, ರೇಡಿಯೊ, ಟಿವಿಯ ನಿರೂಪಕರನ್ನು ಪ್ರೇಕ್ಷಕರು ತಮ್ಮ ಆಪ್ತರೆಂದೇ ಭಾವಿಸುವ ಒಮ್ಮುಖ ಸಂಬಂಧದ ಬಗ್ಗೆ ಬರೆದರು. 1996ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿನಿ ಜೆನಿಫರ್ ರಿಂಗ್ಲಿ ತನ್ನ ಕೋಣೆಯಲ್ಲಿ ವೆಬ್‌ಕ್ಯಾಮ್ ಇಟ್ಟಾಗ, ಆಕೆ ಓದುವ, ಮಲಗುವ ಸಾಮಾನ್ಯ ಚಿತ್ರಗಳನ್ನೂ ಜನ ಕಾದು ನೋಡಿದರು. 2003ರ ಕೊನೆಯಲ್ಲಿ ಅದು ನಿಂತಿತು. ಮೆಲುದನಿಯಲ್ಲಿ, ಹೆಸರು ಹಿಡಿದು ಮಾತನಾಡಿದಾಗ ಈ ಆಪ್ತಭಾವ ಇನ್ನೂ ಬೇಗ ಬೆಳೆಯುತ್ತದೆ, ಒಂಟಿಯಾಗಿರುವವರಲ್ಲಿ ಅದು ಆಳವಾಗಿಯೂ ಇಳಿಯುತ್ತದೆ. ಹಾಗಾಗಿ ನನ್ನ ಮನೆ ಯಾವ ಬೀದಿಯಲ್ಲಿದೆ, ಮನೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗಳಿಗೆ ‘ಅದನ್ನು ನಾನು ಇಲ್ಲಿ ಹೇಳುವುದಿಲ್ಲ’ ಎಂದು, ಉಳಿದ ಮಾತುಗಳನ್ನಾಡುವ ಅದೇ ದನಿಯಲ್ಲಿ ಹೇಳುತ್ತೇನೆ. ಮತ್ತೆ ಕೇಳಿದವರಿಗೆ ಚಾಟ್ ನೋಡಿಕೊಳ್ಳುವ ಮಾಡರೇಟರ್ ಒಮ್ಮೆ ಎಚ್ಚರಿಕೆ ಕೊಡುತ್ತಾರೆ, ಅದಕ್ಕೂ ಬಗ್ಗದಿದ್ದರೆ ತೆಗೆದುಹಾಕುತ್ತಾರೆ. ನಾನು ಆ ಹೊತ್ತಿಗೆ ಸರದಿಯಲ್ಲಿರುವ ಮುಂದಿನವರ ಪ್ರಶ್ನೆಯನ್ನು ಓದುತ್ತಿರುತ್ತೇನೆ.