ಕಳ್ಳಿಯ ಹುಳು, ಕಪ್ಪು ಮಣ್ಣು, ಹಸಿ ಕೊಪಾಲ್: ವಹಾಕಾ ಕಣಿವೆಯ ಕಸುಬಿನ ಊರುಗಳು

ದಕ್ಷಿಣ ಮೆಕ್ಸಿಕೊದ ವಹಾಕಾ ನಗರದ ಸುತ್ತಲಿನ ಕಣಿವೆಯಲ್ಲಿ ಊರಿಗೊಂದು ಕಸುಬು. ಒಂದು ಊರಿನವರು ನೇಯುತ್ತಾರೆ, ಇನ್ನೊಂದರವರು ಕಪ್ಪು ಮಡಕೆ ಮಾಡುತ್ತಾರೆ, ಮತ್ತೊಂದರವರು ಮರ ಕೆತ್ತುತ್ತಾರೆ. ಎಲ್ಲರ ಕೆಲಸವೂ ನಗರದ ಅಂಗಡಿಗಳಲ್ಲೇ ಸಿಗುತ್ತದೆ. ಆದರೆ ಒಂದೇ ಅಳತೆಯ ಎರಡು ಜಮಖಾನೆಗಳ ಬೆಲೆಯಲ್ಲಿ ಹಲವು ಪಟ್ಟು ಅಂತರ ಏಕೆ ಎಂಬುದು ಅಂಗಡಿಯಲ್ಲಿ ತಿಳಿಯುವುದಿಲ್ಲ. ಬಣ್ಣದ ಕಡಾಯಿ, ಆವಿಗೆ, ಒಣಗಲು ಇಟ್ಟ ಮರದ ರಾಶಿ ನೋಡಿದರೆ ತಿಳಿಯುತ್ತದೆ.

ದಾರಿಯನ್ನು ಸಂತೆಯ ದಿನಕ್ಕೆ ಹೊಂದಿಸಿಕೊಂಡರೆ ಅನುಕೂಲ. ಭಾನುವಾರ ತ್ಲಾಕೊಲೂಲಾ ಸಂತೆ; ಅದೇ ದಾರಿಯಲ್ಲಿ ನೇಕಾರರ ತೆಯೊತಿತ್ಲಾನ್ ದೆಲ್ ವಾಯೆ. ಶುಕ್ರವಾರ ಒಕೊತ್ಲಾನ್ ಸಂತೆ. ಆ ದಾರಿಯಲ್ಲಿ ಕಪ್ಪು ಮಡಕೆಯ ಕೊಯೊತೆಪೆಕ್, ಮರ ಕೆತ್ತುವ ತಿಲ್ಕಹೇತೆ. ಬೆಳಿಗ್ಗೆ ಕೆಲಸದ ಮನೆಗಳು, ಆಮೇಲೆ ಸಂತೆ. ಊರಿನ ಹೆಸರನ್ನು ಗಾಜಿನ ಮೇಲೆ ಬರೆದುಕೊಂಡ ಕೊಲೆಕ್ತೀವೊ ಎಂಬ ಹಂಚಿಕೆಯ ಟ್ಯಾಕ್ಸಿಗಳು ಅಗ್ಗ. ಮಿತ್ಲಾ ಬಸ್ಸು ಹಿಡಿದರೆ ತೆಯೊತಿತ್ಲಾನ್ ಕ್ರಾಸಿನಲ್ಲಿ ಇಳಿಯಬೇಕು, ಊರು ಸುಮಾರು 4 ಕಿ.ಮೀ. ಒಳಗಿದೆ. ಬಾಡಿಗೆ ಕಾರಿನ ಚಾಲಕ ತಾನಾಗಿ ಕರೆದೊಯ್ದ ಅಂಗಡಿಯಲ್ಲಿ ಅವನ ಕಮಿಷನ್ ಬೆಲೆಯೊಳಗೇ ಸೇರಿರುವುದುಂಟು. ಸಣ್ಣ ಮನೆಗಳಲ್ಲಿ ಕಾರ್ಡ್ ನಡೆಯದು. ಪೆಸೊ ನಗದು, ಅದರಲ್ಲೂ ಚಿಲ್ಲರೆ, ಇರಲಿ.

ತೆಯೊತಿತ್ಲಾನಿನಲ್ಲಿ ಅವಸರ ಬೇಡ. ಇದು ಸಪೊತೆಕ್ ಎಂಬ ಮೂಲನಿವಾಸಿ ಜನರ ಊರು. ಇವರ ಹಳೆಯ ಮಗ್ಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೇಯುವಂಥದ್ದು. ಕಾಲಿನ ಹಲಗೆ ತುಳಿಯುವ ದೊಡ್ಡ ಮಗ್ಗವೂ ಕುರಿಯ ಉಣ್ಣೆಯೂ ಸ್ಪೇನಿನವರು ಬಂದ ಮೇಲೆ, 16ನೆಯ ಶತಮಾನದಲ್ಲಿ, ಬಂದವು. ನೇಕಾರರು ಮಗ್ಗದ ಮುಂದೆ ನಿಂತೇ ನೇಯುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಸುತ್ತುವ ವಿನ್ಯಾಸ ಮಿತ್ಲಾದ ಪಾಳುಬಿದ್ದ ಅರಮನೆಗಳ ಕಲ್ಲುಗೋಡೆಯಲ್ಲಿರುವುದೇ.

ಇಲ್ಲಿನ ಕೆಂಪು ಬಣ್ಣ ಕೊಚಿನೀಯಾ ಎಂಬ ಹುಳುವಿನದು. ಪಾಪಸ್‌ಕಳ್ಳಿಯ ಎಲೆಯಂಥ ಹಲಗೆಗಳ ಮೇಲೆ ಬಿಳಿ ಬೂಷ್ಟಿನಂತೆ ಕುಳಿತಿರುತ್ತದೆ. ಬಣ್ಣ ಕೊಡುವುದು ಹೆಣ್ಣು ಹುಳು ಮಾತ್ರ, ಅದು ಬಲಿಯಲು ಸುಮಾರು ಮೂರು ತಿಂಗಳು ಬೇಕು. ಮಳೆ, ಇಬ್ಬನಿಯ ಚಳಿ, ಬೇರೆ ಕೀಟಗಳು, ಎಲ್ಲವೂ ಇದಕ್ಕೆ ಶತ್ರು. ಅದಕ್ಕೇ ಕಳ್ಳಿಯ ಹಲಗೆಗಳನ್ನು ಕಿತ್ತು ಚಪ್ಪರದಡಿ ನೇತುಹಾಕಿ ಸಾಕುತ್ತಾರೆ. ಒಂದು ಕೆಜಿ ಒಣಹುಳುವಿಗೆ 1,40,000ದಷ್ಟು ಹುಳು ಬೇಕು. ನಮ್ಮ ಹೊಲದ ಬದುವಿನ ಪಾಪಸ್‌ಕಳ್ಳಿಯೂ ಅಮೆರಿಕದಿಂದ ಬಂದದ್ದೇ. 18ನೆಯ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಈ ಕೆಂಪಿನ ಆಸೆಗೆ ಭಾರತಕ್ಕೆ ಹುಳು ತರಿಸಿದರು. ಬಂದದ್ದು ಬೇರೆ ಜಾತಿ. ಬಣ್ಣ ಸಾಲಲಿಲ್ಲ, ಕಳ್ಳಿಯನ್ನು ಮಾತ್ರ ಚೆನ್ನಾಗಿ ತಿಂದಿತು.

ಬಣ್ಣ ಹಾಕುವ ಕ್ರಮ ಹೀಗೆ. ಮೊದಲು ಉಣ್ಣೆಯ ಜಿಡ್ಡು ಹೋಗುವಂತೆ ತೊಳೆಯಬೇಕು. ಜಿಡ್ಡು ಉಳಿದ ಕಡೆ ಬಣ್ಣ ಹಿಡಿಯದೆ ಲಡಿ ಮಚ್ಚೆಮಚ್ಚೆಯಾಗುತ್ತದೆ. ಆಮೇಲೆ ಪಟಿಕದ ನೀರಿನಲ್ಲಿ ಸುಮಾರು ಒಂದು ಗಂಟೆ ಬಿಸಿ ಮಾಡುತ್ತಾರೆ. ಪಟಿಕ ಉಣ್ಣೆಗೂ ಬಣ್ಣಕ್ಕೂ ನಡುವಿನ ಕೊಂಡಿ, ಅದಿಲ್ಲದಿದ್ದರೆ ಕೆಂಪು ತೊಳೆದು ಹೋಗುತ್ತದೆ. ಒಣಹುಳುವನ್ನು ಮೆತಾತೆ ಎಂಬ ಅರೆಯುವ ಕಲ್ಲಿನ ಮೇಲೆ ನುಣ್ಣಗೆ ಪುಡಿ ಮಾಡಿ ನೀರಿಗೆ ಹಾಕಬೇಕು. ಗಾಢ ಕೆಂಪಿಗೆ ಒಂದು ಕೆಜಿ ಉಣ್ಣೆಗೆ 100 ಗ್ರಾಂ ಪುಡಿಯಾದರೂ ಬೇಕು, ಅಂದರೆ 14,000 ಹುಳು. ಇದಕ್ಕೆ ನಿಂಬೆರಸ ಬಿದ್ದರೆ ಬಣ್ಣ ಕಿತ್ತಳೆಯತ್ತ ವಾಲುತ್ತದೆ, ಅಡುಗೆ ಸೋಡಾ ಬಿದ್ದರೆ ನೇರಳೆಯತ್ತ. ಕಬ್ಬಿಣದ ಪಾತ್ರೆಯಲ್ಲಿ ಕುದಿಸಿದರೆ ಕೆಂಪು ಮಂಕಾಗಿ ಬೂದು-ನೇರಳೆಯಾಗುತ್ತದೆ. ಕೊತಕೊತ ಕುದಿಸಿ ತಿರುವಿದರೆ ಉಣ್ಣೆ ಗಂಟುಕಟ್ಟಿ ಕಂಬಳಿಯ ಚೂರಿನಂತಾಗುತ್ತದೆ. ಹಾಗಾಗಿ ಕಡಾಯಿ ಕುದಿಯ ಅಂಚಿನಲ್ಲೇ ಇರಬೇಕು.

ಹಳದಿಗೆ ಪೆರಿಕೋನ್ ಗಿಡ. ಅದು ಚೆಂಡುಹೂವಿನ ದಾಯಾದಿ. ನಾವು ದಸರೆಗೆ ರಾಶಿ ಹಾಕುವ ಚೆಂಡುಹೂವಿನ ತವರೂ ಮೆಕ್ಸಿಕೊವೇ. ನೀಲಿಗೆ ನೀಲಿಗಿಡ, ವಹಾಕಾ ರಾಜ್ಯದಲ್ಲೇ ನಿಲ್ತೆಪೆಕ್ ಎಂಬಲ್ಲಿ ಈಗಲೂ ತಯಾರಾಗುತ್ತದೆ. ನೀಲಿಯ ತೊಟ್ಟಿಯಿಂದ ಲಡಿ ಹಸಿರಾಗಿ ಹೊರಬಂದು ಗಾಳಿ ತಾಗುತ್ತಿದ್ದಂತೆ ನೀಲಿಯಾಗುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಹಳದಿ ಹಾಕಿದ ಲಡಿಯನ್ನು ನೀಲಿಯಲ್ಲಿ ಅದ್ದಿದರೆ ಹಸಿರು.

ಪ್ರವಾಸಿಗರು ಮೋಸ ಹೋಗುವುದು ಇಲ್ಲೇ. ಅಂಗೈ ಮೇಲೆ ಹುಳು ಹಿಸುಕಿ, ನಿಂಬೆ ಹಿಂಡಿ ಬಣ್ಣ ಬದಲಾಯಿಸಿ ತೋರಿಸುವುದು ಎಲ್ಲ ಕಡೆಯೂ ಇದೆ. ಆ ಆಟ ಸಾಬೀತು ಮಾಡುವುದು ಅಂಗೈಯಲ್ಲಿರುವುದು ಕೊಚಿನೀಯಾ ಎಂಬುದನ್ನಷ್ಟೇ; ಗೋಡೆಗೆ ನೇತುಹಾಕಿದ ಜಮಖಾನೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ನಿಮಗೆ ಬೇಕಾದ ತುಂಡಿನ ಮೇಲೆ ಕೈಯಿಟ್ಟು, ಒಂದೊಂದು ಬಣ್ಣ ತೋರಿಸಿ ಅದು ಯಾವುದರದ್ದೆಂದು ಕೇಳಿ. ರಾಸಾಯನಿಕ ಬಣ್ಣವಾದರೆ ಅನೇಕರು ಹಾಗೆಂದೇ ಹೇಳುತ್ತಾರೆ, ಅದರಲ್ಲಿ ನಾಚಿಕೆಯೇನೂ ಇಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಬೇಕು. ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿದಾಗ ಬಣ್ಣ ಬಿಟ್ಟರೆ ಕೊಳ್ಳಬೇಡಿ. ಉದುರಿದ ಒಂದು ಎಳೆ ಕೇಳಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಜಮಖಾನೆಯನ್ನು ಉದ್ದಕ್ಕೆ ಮಡಚಿದಾಗ ಎರಡು ಅಂಚು ಕೂಡದಿದ್ದರೆ ನೇಯುವಾಗ ಹೊಕ್ಕಿನ, ಅಂದರೆ ಅಡ್ಡ ದಾರದ, ಎಳೆತ ತಪ್ಪಿದೆ ಎಂದರ್ಥ, ನೆಲಕ್ಕೆ ಹಾಸಿದ ಮೇಲೆ ಮೂಲೆ ಏಳುತ್ತದೆ. ಹೊಕ್ಕಿನ ನಡುವೆ ಹಾಸಿನ, ಅಂದರೆ ಉದ್ದಕ್ಕಿರುವ, ದಾರ ಇಣುಕಬಾರದು.

ದಕ್ಷಿಣದ ಹೆದ್ದಾರಿಯಲ್ಲಿ ಮೊದಲು ಸಿಗುವುದು ಸಾನ್ ಬಾರ್ತೊಲೊ ಕೊಯೊತೆಪೆಕ್. ಇಲ್ಲಿ ನಮ್ಮ ಕುಂಬಾರರ ತಿಗರಿಯಿಲ್ಲ. ಒಂದು ತಟ್ಟೆ ಬೋರಲು, ಅದರ ಬೆನ್ನ ಮೇಲೆ ಇನ್ನೊಂದು ತಟ್ಟೆ; ಮೇಲಿನದನ್ನು ಕೈಯಲ್ಲಿ ತಿರುಗಿಸುತ್ತ ಮಡಕೆ ಎತ್ತುತ್ತಾರೆ. ಹಿಂದೆ ಇಲ್ಲಿನ ಪಾತ್ರೆ ಹೊಳಪಿಲ್ಲದ ಬೂದು ಬಣ್ಣದ್ದಾಗಿತ್ತು, ನೀರಿಗೂ ಮೆಸ್ಕಾಲ್ ಮದ್ಯಕ್ಕೂ ಬಳಕೆಯಲ್ಲಿತ್ತು. 1950ರ ದಶಕದಲ್ಲಿ ದೊನ್ಯಾ ರೋಸಾ ಎಂದೇ ಹೆಸರಾದ ರೋಸಾ ರಿಯಲ್ ಹೊಸ ದಾರಿ ಕಂಡರು. ಮಣ್ಣು ಪೂರ್ತಿ ಒಣಗುವ ಮುನ್ನ ಸ್ಫಟಿಕದ ಕಲ್ಲಿನಿಂದ ಉಜ್ಜಿ, ಸ್ವಲ್ಪ ಕಡಿಮೆ ಉರಿಯಲ್ಲಿ ಸುಟ್ಟರೆ ಕನ್ನಡಿಯಂಥ ಕಪ್ಪು ಬರುತ್ತದೆ. ನೆಲದ ಆವಿಗೆಯ ಬಾಯನ್ನು ಮಣ್ಣಿನಿಂದ ಮುಚ್ಚಿ ಗಾಳಿ ಕಟ್ಟುವುದರಿಂದ ಮಣ್ಣಿನ ಕಬ್ಬಿಣದಂಶ ಕೆಂಪಾಗುವ ಬದಲು ಕಪ್ಪಾಗುತ್ತದೆ. ಮುಚ್ಚಳದಲ್ಲಿ ಸೀಳು ಬಿಟ್ಟರೆ ಅಲ್ಲಿ ಕಂದು ಕಲೆ. ತೇವ ಉಳಿದ ಮಡಕೆ ಆವಿಗೆಯಲ್ಲೇ ಒಡೆಯುತ್ತದೆ. ಈ ಹೊಳಪಿಗೆ ತೆರಬೇಕಾದ ಬೆಲೆಯೂ ಇದೆ. ಕಡಿಮೆ ಉರಿಯಿಂದಾಗಿ ಪಾತ್ರೆ ನೀರು ಹಿಡಿಯದು. ಬೆರಳಿನಿಂದ ತಟ್ಟಿ ನೋಡಿ, ಬೂದು ಪಾತ್ರೆ ಗಂಟೆಯಂತೆ ಮೊಳಗುತ್ತದೆ, ಹೊಳೆಯುವುದು ಮಂದ. ಹೂದಾನಿ ಕೊಂಡರೆ ಒಣಹೂವು ಇಡಿ.

ಸಾಂತಾ ಮರಿಯಾ ಅತ್ಸೊಂಪಾದ ಹಸಿರು ಹೊಳಪಿನ ಪಾತ್ರೆಗಳ ವಿಷಯದಲ್ಲಿ ಒಂದೇ ಮಾತು: ಸಾಂಪ್ರದಾಯಿಕ ಹೊಳಪಿನಲ್ಲಿ ಸೀಸ ಇರುತ್ತದೆ, ಹುಳಿ ತಾಗಿದರೆ ಅದು ಆಹಾರಕ್ಕೆ ಇಳಿಯುತ್ತದೆ. ‘ಸಿನ್ ಪ್ಲೋಮೊ’, ಅಂದರೆ ಸೀಸವಿಲ್ಲದ್ದು, ಎಂದು ಖಚಿತವಾಗದ ಪಾತ್ರೆಯಲ್ಲಿ ಉಪ್ಪಿನಕಾಯಿ, ಸಾರು, ಮೊಸರು ಬೇಡ.

ಸಾನ್ ಮಾರ್ತಿನ್ ತಿಲ್ಕಹೇತೆ ಮತ್ತು ಅರಸೋಲಾ ಮರದ ಪ್ರಾಣಿಗಳ ಊರುಗಳು. ಇವನ್ನು ಅಲೆಬ್ರೀಹೆ ಎನ್ನುತ್ತಾರೆ. ಆ ಹೆಸರು ಮೊದಲು ಮೆಕ್ಸಿಕೊ ನಗರದ ಪೇದ್ರೊ ಲಿನಾರೆಸ್ ಕಾಗದದಲ್ಲಿ ಮಾಡಿದ ವಿಚಿತ್ರ ಜೀವಿಗಳದ್ದು; ಮರದಲ್ಲಿ ಈ ಕಸುಬಿಗೆ ನಾಂದಿ ಹಾಡಿದವರು ಅರಸೋಲಾದ ಮಾನುಯೆಲ್ ಹಿಮೇನೆಸ್. ಮರ ಕೊಪಾಲ್, ಅದರ ಬಂಧು ಮರಗಳ ಅಂಟೇ ಇಲ್ಲಿ ಧೂಪ. ಹಸಿಯಿದ್ದಾಗ ಮೆತ್ತಗಿರುವುದರಿಂದ ಮಚ್ಚಿನಲ್ಲಿ ಆಕಾರ ತೆಗೆದು ಚಾಕುವಿನಲ್ಲಿ ತಿದ್ದುತ್ತಾರೆ. ಆಮೇಲೆ ಒಣಗುವ ಕಾಯುವಿಕೆ, ದೊಡ್ಡ ತುಂಡಿಗೆ ತಿಂಗಳುಗಟ್ಟಲೆ. ಒಣಗುವಾಗ ಬಿಟ್ಟ ಬಿರುಕಿಗೆ ಮರದ ಸೀಳು, ಹೊಟ್ಟು, ಅಂಟು ತುಂಬಿ ಉಜ್ಜಿ ಬಣ್ಣ ಹಾಕುತ್ತಾರೆ. ಅವಸರದಲ್ಲಿ ಬಣ್ಣ ಬಿದ್ದ ತುಂಡು ನಿಮ್ಮ ಮನೆಗೆ ಬಂದ ಮೇಲೆ ಬಿರಿಯುತ್ತದೆ. ಅದೇ ಗಾತ್ರದ ಬೇರೆ ತುಂಡುಗಳ ಜೊತೆ ಕೈಯಲ್ಲಿ ತೂಗಿ ನೋಡಿ, ಹೆಚ್ಚು ಭಾರವಿದ್ದರೆ ಇನ್ನೂ ಹಸಿ. ಬುಡ ತಿರುಗಿಸಿ ಸೂಜಿತೂತು ಹುಡುಕಿ. ಮನೆಯಲ್ಲಿ ಕೆಳಗೆ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಕೊರೆಯುತ್ತಿದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಟ್ಟರೆ ಸಾಯುತ್ತದೆ.

ಜಮಖಾನೆಯನ್ನು ಮಡಚದೆ ಸುರುಳಿ ಸುತ್ತಿ, ಅದರೊಳಗೇ ಕಪ್ಪು ಮಡಕೆ ಇಟ್ಟು ಕೈಚೀಲದಲ್ಲಿ ಒಯ್ಯಿರಿ. ಮರದ ಪ್ರಾಣಿಗಳ ಕಿವಿ, ಬಾಲ, ಕೊಂಬು ಎಷ್ಟೋ ಸಲ ಕಳಚುವಂತಿರುತ್ತವೆ. ಅಂಗಡಿಯಲ್ಲೇ ಕಳಚಿಸಿ, ಯಾವುದು ಯಾವ ತೂತಿಗೆ ಎಂದು ಪೆನ್ಸಿಲ್ ಗುರುತು ಹಾಕಿಸಿಕೊಳ್ಳಿ. ಎಡಗಿವಿ ಬಲಗಡೆ ಕೂರುವುದಿಲ್ಲ.