ಅದೇ ಬೂತು, ಬೇರೆ ಓಟು

ಪ್ರತಿ ಸಲ ರಿಸಲ್ಟ್ ಬಂದ ದಿನ ಟಿವಿಲಿ ಕೂತೋರು ಅದನ್ನೇ ಹೇಳ್ತಾರೆ, ಜನ ಜಾತಿ ನೋಡಿ ಹಾಕಿದ್ರು, ಇಲ್ಲಾಂದ್ರೆ ದುಡ್ಡು ಇಸ್ಕೊಂಡು ಹಾಕಿದ್ರು ಅಂತ. ಕೇಳಿ ಕೇಳಿ ನಂಗಂತೂ ನಿಜವಾಗ್ಲೂ ಬೇಜಾರಾಗಿದೆ. ಜಾತಿ ಲೆಕ್ಕಕ್ಕಿಲ್ಲ ಅಂತಲ್ಲ, ಖಂಡಿತ ಇದೆ, ಆದ್ರೆ ಅದೊಂದೇ ಆಗಿದ್ರೆ ನಮ್ಮ ಕರ್ನಾಟಕದ 1984-85 ಹೆಂಗಾಯ್ತು? ಇಂದಿರಾ ಗಾಂಧಿ ಹತ್ಯೆ ಆದ್ಮೇಲೆ ಡಿಸೆಂಬರಲ್ಲಿ ನಡೆದ ಲೋಕಸಭೆ ಎಲೆಕ್ಷನಲ್ಲಿ ಇಲ್ಲಿ 28ರಲ್ಲಿ 24 ಸೀಟು ಕಾಂಗ್ರೆಸ್ಸಿಗೆ, ಆಮೇಲೆ ಆಗಿನ ಮುಖ್ಯಮಂತ್ರಿ, ಜನತಾ ಪಕ್ಷದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಾಪಸ್ ಜನರ ಮುಂದೆ ಹೋದ್ರು, ಮಾರ್ಚಲ್ಲಿ ಅಸೆಂಬ್ಲಿ ಎಲೆಕ್ಷನಲ್ಲಿ 224ರಲ್ಲಿ 139 ಜನತಾ ಪಕ್ಷಕ್ಕೆ! ಅಷ್ಟರಲ್ಲಿ ಯಾರ ಜಾತಿನೂ ಬದಲಾಗಿರಲಿಲ್ಲ. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಅಂತ ಜನ ಬೇರೆ ಬೇರೆಯಾಗಿ ಯೋಚ್ನೆ ಮಾಡಿದ್ರು, ಅಷ್ಟೇ. 2023ರಲ್ಲಿ ಅಸೆಂಬ್ಲಿಲಿ 135 ಗೆದ್ದ ಕಾಂಗ್ರೆಸ್ಸು ಮುಂದಿನ ವರ್ಷ ಲೋಕಸಭೇಲಿ 9ಕ್ಕೆ ನಿಂತಿದ್ದು ಕೂಡ ಇದೇ ಥರ, ಅಲ್ಲಿ ಬಿಜೆಪಿ-ಜೆಡಿಎಸ್ ಮೈತ್ರಿನೂ ಸೇರಿತ್ತು ಅನ್ನೋದು ಬೇರೆ ಮಾತು.

ಇಂಥದ್ದನ್ನ ಊಹೆ ಮಾಡೋದು ಬಿಟ್ಟು ಜನರನ್ನೇ ಕೇಳೋಣ ಅಂತ ಹೊರಟೋರು ದಿಲ್ಲಿಯ ಸಿಎಸ್‌ಡಿಎಸ್ (ಸೆಂಟರ್ ಫಾರ್ ದ ಸ್ಟಡಿ ಆಫ್ ಡೆವಲಪಿಂಗ್ ಸೊಸೈಟೀಸ್) ಅನ್ನೋ ಸಂಶೋಧನಾ ಸಂಸ್ಥೆಯೋರು. ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿ 1963ರಲ್ಲಿ ಶುರು ಮಾಡಿದ ಸಂಸ್ಥೆ ಇದು, 1967ರಲ್ಲೇ ದೇಶದ ಮಟ್ಟದಲ್ಲಿ ಮತದಾರರ ಸರ್ವೆ ಮಾಡಿದ್ರು. ನಡುವೆ ಬಹಳ ವರ್ಷ ನಿಂತೋಗಿದ್ದನ್ನ 1996ರಲ್ಲಿ ಯೋಗೇಂದ್ರ ಯಾದವ್ ಮತ್ತವರ ಜೊತೆಗಾರರು ಮತ್ತೆ ಎಬ್ಬಿಸಿದ್ರು, ಅದೇ ಮುಂದೆ ಲೋಕನೀತಿ ಅನ್ನೋ ಸರ್ವೆ ವಿಭಾಗ ಆಯ್ತು. ನಮ್ಮ ಬೆಂಗಳೂರಿನ ಸಂದೀಪ್ ಶಾಸ್ತ್ರಿ ಅವರೂ ಈ ಕೆಲಸದಲ್ಲಿ ವರ್ಷಗಟ್ಲೆ ಇರೋರು.

ನಂಗೆ ತುಂಬಾ ಇಷ್ಟ ಆಗೋದು ಅವರು ಕೇಳೋ ರೀತಿ. ಬಸ್‌ಸ್ಟ್ಯಾಂಡಲ್ಲಿ ಸಿಕ್ಕೋರನ್ನ ನಿಲ್ಲಿಸಿ ಕೇಳೋದಲ್ಲ, ಮೊದ್ಲು ಕ್ಷೇತ್ರ, ಆಮೇಲೆ ಬೂತು, ಆಮೇಲೆ ಆ ಬೂತಿನ ವೋಟರ್ ಲಿಸ್ಟಿಂದ ಇಷ್ಟಿಷ್ಟು ಹೆಸರಿಗೊಂದು ಅಂತ ಆರಿಸ್ಕೊಂಡು ಅವರ ಮನೆಗೇ ಹೋಗ್ತಾರೆ. ಹಂಗಾಗಿ ಸರ್ವೆಗಳು ಸಾಮಾನ್ಯವಾಗಿ ಬಿಟ್ಟೇಬಿಡೋ ಹೆಣ್ಮಕ್ಕಳು, ಕೂಲಿಯವರು, ವಯಸ್ಸಾದೋರೆಲ್ಲ ಲೆಕ್ಕಕ್ಕೆ ಬರ್ತಾರೆ. ಓಟು ಯಾರಿಗೆ ಅಂತ ಬಾಯ್ಬಿಟ್ಟು ಹೇಳೋದೂ ಬೇಡ, ಚಿಹ್ನೆಗಳಿರೋ ಒಂದು ಡಮ್ಮಿ ಬ್ಯಾಲೆಟ್ ಕೊಡ್ತಾರೆ, ಗುರುತು ಹಾಕಿ ಡಬ್ಬಿಗೆ ಹಾಕಿದ್ರಾಯ್ತು. ಪಕ್ಕದಲ್ಲಿ ಗಂಡನೋ ಊರ ಗೌಡ್ರೋ ನಿಂತಿದ್ರೆ ಇದೆಷ್ಟು ಮುಖ್ಯ ಅಂತ ಹಳ್ಳಿಲಿ ಬೆಳೆದೋರಿಗೆ ಹೇಳ್ಬೇಕಾಗಿಲ್ಲ. ಹಿಂಗೆ ಕೇಳಿದ್ರಿಂದಾನೇ, ಬಡವರು ದಲಿತರು ಓಟು ಹಾಕೋದ್ರಲ್ಲಿ ಉಳ್ಳೋರಿಗಿಂತ ಹಿಂದೆ ಇಲ್ಲ ಅನ್ನೋದು 90ರ ದಶಕದಲ್ಲಿ ಅಂಕಿಅಂಶದ ಸಮೇತ ಗೊತ್ತಾಗಿದ್ದು.

ಸೀಟು ಎಷ್ಟು ಅಂತ ಹೇಳೋದ್ರಲ್ಲಿ ಸರ್ವೆಗಳು ಎಡವಿದಾವೆ, 2004ರ ಲೋಕಸಭೆ ಎಲೆಕ್ಷನಲ್ಲಿ ಹೆಚ್ಚುಕಮ್ಮಿ ಎಲ್ಲರೂ ಎಡವಿದ್ರು. ಆದ್ರೆ ನನ್ನ ಪ್ರಕಾರ ಸೀಟಿನ ಲೆಕ್ಕ ಇದರ ಅತಿ ಸಣ್ಣ ಭಾಗ. ಇನ್ನೊಂದು ತೊಡಕಿದೆ, ಅದು ದೊಡ್ಡದು. ಹೋದ ಸಲ ಯಾರಿಗೆ ಹಾಕಿದ್ರಿ ಅಂತ ಕೇಳಿದ್ರೆ ಬಹಳ ಜನ ಗೆದ್ದ ಪಕ್ಷದ ಹೆಸರೇ ಹೇಳ್ತಾರೆ, ಬೇಕಂತ ಸುಳ್ಳು ಹೇಳ್ತಾರೆ ಅಂತಲ್ಲ, ನೆನಪು ಹಂಗೆ ವಾಲುತ್ತೆ. ಹಂಗಾಗಿ ಅಸೆಂಬ್ಲಿಗೂ ಲೋಕಸಭೆಗೂ ನಡುವೆ ಓಟು ಬದಲಾದಾಗ, ಅದೇ ಜನ ಮನಸ್ಸು ಬದಲಾಯಿಸಿದ್ರೋ ಅಥವಾ ಬೂತಿಗೆ ಬಂದೋರೇ ಬೇರೆ ಜನಾನೋ ಅಂತ ಗಟ್ಟಿಯಾಗಿ ಹೇಳಕ್ಕಾಗಲ್ಲ. ಅದಕ್ಕೆ ಎರಡೂ ಎಲೆಕ್ಷನಲ್ಲಿ ಅದೇ ಮನೆಗೆ ಹೋಗಿ ಅದೇ ವ್ಯಕ್ತಿನ ಕೇಳ್ಬೇಕು. ಖರ್ಚು ಜಾಸ್ತಿ, ಜನ ಊರು ಬಿಟ್ಟಿರ್ತಾರೆ, ಕಷ್ಟ ಇದೆ ಒಪ್ತೀನಿ, ಆದ್ರೆ ನಮ್ಮ ಯೂನಿವರ್ಸಿಟಿಗಳ ರಾಜ್ಯಶಾಸ್ತ್ರ ವಿಭಾಗದೋರು ಒಂದೇ ಒಂದು ಜಿಲ್ಲೆಲಾದ್ರೂ 2028ರ ಅಸೆಂಬ್ಲಿಗೆ ಶುರು ಮಾಡಿ 2029ರ ಲೋಕಸಭೆಗೆ ಮತ್ತೆ ಅದೇ ಬಾಗಿಲು ತಟ್ಟಲಿ ಅಂತ ನನ್ನಾಸೆ.